ಪಿಕಪ್ಪಿಗೇ ಪಿಕಪ್ ಇಲ್ಲ: ಎಂಜಿನ್ ಮಿಸ್ಸಿಂಗ್ ಹೊಡೆದಾಗ ಎಲ್ಲಿಂದ ಹುಡುಕಬೇಕು?

ಈ ವಾರದ ಮಾತನ್ನು ಕೇಳೋಕೆ ಆಗದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದೋದೇ ವಾಸಿ ಅನ್ನುವವರಿಗೆ ಇದು ಬರಹದ ರೂಪ. ಮಾತಾಡುವಾಗ ತಡವರಿಸಿದ್ದನ್ನ ತೆಗೆದಿದ್ದೀನಿ. ವಿಡಿಯೋದಲ್ಲಿ ಡೀಸೆಲ್ ಗಾಡಿ ಬಗ್ಗೆ ಹೇಳೋಕೆ ಮರೆತಿದ್ದೆ, ಅದನ್ನ ಇಲ್ಲಿ ಸೇರಿಸಿದ್ದೀನಿ.

ನನ್ನ ಚಿಕ್ಕಪ್ಪನ ಮಗ ಇಂಡಿ ತಾಲೂಕಿನಿಂದ ಪುಣೆಗೆ ಬಂದು ಆರು ವರ್ಷ ಆಯ್ತು. ನಾನು ಹಿಂಜವಡಿಯಲ್ಲಿ ಎಸಿ ಕೆಳಗೆ ಕೂತು ಲಾಗ್ ಫೈಲ್ ಓದ್ತೀನಿ. ಅವನು ಬೆಳಗಿನ ಜಾವ ಮೂರಕ್ಕೆ ಎದ್ದು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ತರಕಾರಿ ತುಂಬಿಕೊಂಡು ವಾಕಡ, ಹಿಂಜವಡಿ ಅಂಗಡಿಗಳಿಗೆ ಇಳಿಸ್ತಾನೆ. ಗಾಡಿ ಚಿಕ್ಕ ಪಿಕಪ್, ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುತ್ತೆ. ಎರಡನೇ ಕೈಯಲ್ಲಿ ತಗೊಂಡಿದ್ದು, ಇನ್ನೂ ಸಾಲದ ಕಂತು ನಡೀತಿದೆ. ಏಳು ಗಂಟೆಯೊಳಗೆ ಮಾಲು ಇಳಿಸದಿದ್ರೆ ಅಂಗಡಿಯವರು ಬೇರೆ ಗಾಡಿ ನೋಡ್ಕೋತಾರೆ.

ಹೋದ ಮಳೆಗಾಲದಲ್ಲಿ ಒಂದಿನ ಫೋನ್ ಮಾಡಿದ. "ಅಣ್ಣಾ, ಗಾಡಿ ಭಾಳ ನಡಗಾಕತ್ತೈತಿ. ಸಿಗ್ನಲ್‌ದಾಗ ನಿಂದ್ರಿಸಿದ್ರ ಹಲ್ಲ ಕಟಕಟ ಅಂತಾವ. ಪಿಕಪ್ಪೂ ಇಲ್ಲ." ಮೀಟರ್ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದೆ ಅಂದ. ಹತ್ತಿರದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0302.

ನಾನು ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡಿ, ಎರಡು ನಿಮಿಷ ಹುಡುಕಿ, ದೊಡ್ಡ ಪಂಡಿತನ ಹಾಗೆ ಹೇಳಿಬಿಟ್ಟೆ: "ಎರಡನೇ ಸಿಲಿಂಡರಿನ ಕಾಯಿಲ್ ಹೋಗಿರ್ತದ, ಬದಲಿ ಮಾಡಿಸು." ₹2,600 ಕೊಟ್ಟು ಕಾಯಿಲ್ ಹಾಕಿಸಿದ. ದೀಪ ಆರಿತು. ಎರಡು ದಿನಕ್ಕೆ ಮತ್ತೆ ಹತ್ತಿತು.

ಆ ₹2,600 ನನ್ನ ತಪ್ಪಿಗೆ ಹೋದ ದುಡ್ಡು. ಆಮೇಲೆ ಗ್ಯಾರೇಜಿನವರ ಸರದಿ. ನಾಲ್ಕು ಪ್ಲಗ್ ₹1,200, ಥ್ರಾಟಲ್ ಬಾಡಿ ಕ್ಲೀನಿಂಗ್ ₹800, ಇಂಜೆಕ್ಟರ್ ಕ್ಲೀನಿಂಗ್ ₹1,500, ಗ್ಯಾಸ್ ಕಿಟ್ ಫಿಲ್ಟರ್ ಮತ್ತು ಟ್ಯೂನಿಂಗ್ ₹2,500. ಎಲ್ಲ ಸೇರಿ ₹8,600. ಗಾಡಿ ಮಾತ್ರ ನಡುಗ್ತಾನೇ ಇತ್ತು. ಕೊನೆಗೆ, "ಎಂಜಿನ್ ಇಳಸಬೇಕಂತ ಅಣ್ಣಾ, ಮೂವತ್ತೆಂಟ ಸಾವಿರ ಹೇಳ್ಯಾರ. ಸ್ವಲ್ಪ ನೀ ಕೊಟ್ರ…" ಅಂದ. ನಾನು ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದೂ ಆಗಿತ್ತು. ಆಗ ಅನ್ನಿಸಿತು, ಈವರೆಗೆ ನಾವು ಯಾರೂ ಒಂದು ಪರೀಕ್ಷೆನೂ ಮಾಡಿಲ್ಲ, ಬರೀ ಸಾಮಾನು ಬದಲಾಯಿಸಿದ್ದೀವಿ. ಆಫೀಸಿನಲ್ಲಿ ಯಾರಾದ್ರೂ ಹೀಗೆ ಪ್ರೊಡಕ್ಷನ್ ಸರ್ವರ್ ರಿಪೇರಿ ಮಾಡಿದ್ರೆ ನಾನೇ ಕೂಗಾಡ್ತಿದ್ದೆ.

ಮಿಸ್ಸಿಂಗ್ ಅಂದ್ರೆ ಏನು

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ತಗೊಳ್ಳಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಒಂದೊಂದು ಸಿಲಿಂಡರ್ ಒಂದೊಂದು ಸಲ ಹೊಡೀಬೇಕು. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತೆ ಅಂದುಕೊಳ್ಳಿ. ಒಂದು ಸಿಲಿಂಡರಿಗೆ ನಿಮಿಷಕ್ಕೆ 400 ಹೊಡೆತ, ನಾಲ್ಕಕ್ಕೂ ಸೇರಿ 1,600. ಒಂದು ಸಿಲಿಂಡರ್ ಪೂರ್ತಿ ಸತ್ತರೆ ಸೆಕೆಂಡಿಗೆ ಆರೇಳು ಸಲ ಹೊಡೆತ ತಪ್ಪುತ್ತೆ. ಸೀಟಿಗೆ ತಟ್ಟುವ ನಡುಕ ಅದೇ.

ವೇಗದಲ್ಲಿ ಇದು ಅಷ್ಟು ಗೊತ್ತಾಗಲ್ಲ. ಫ್ಲೈವೀಲ್ ಜೋರಾಗಿ ತಿರುಗ್ತಿರೋವಾಗ ತಪ್ಪಿದ ಹೊಡೆತವನ್ನ ಅದರ ಓಟವೇ ದಾಟಿಸಿಬಿಡುತ್ತೆ. ಐಡ್ಲಿಂಗ್‌ನಲ್ಲಿ ಆ ಓಟ ಇರಲ್ಲ. "ಓಡೋವಾಗ ಸರಿ ಐತಿ, ನಿಂತಾಗ ನಡುಗತೈತಿ" ಅಂದ ಮಾತ್ರಕ್ಕೆ ಓಡುವಾಗ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ. ಅಲ್ಲೂ ತಪ್ಪುತ್ತಿರಬಹುದು, ನಿಮಗೆ ತಿಳೀತಿಲ್ಲ ಅಷ್ಟೆ.

ಇನ್ನು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಅದು ಸಿಲಿಂಡರ್ ಒಳಗೆ ಇಣುಕಲ್ಲ. ಕ್ರ್ಯಾಂಕ್ ಸೆನ್ಸರ್ ಮೂಲಕ ಪ್ರತಿ ಹೊಡೆತ ಆದ ಮೇಲೆ ಕ್ರ್ಯಾಂಕ್ ಎಷ್ಟು ಬೇಗ ತಿರುಗಿತು ಅಂತ ಅಳೆಯುತ್ತೆ. ಎರಡನೇ ಸಿಲಿಂಡರಿನ ಸರದಿ ಬಂದಾಗೆಲ್ಲ ಕ್ರ್ಯಾಂಕ್ ಚೂರು ನಿಧಾನ ಆದ್ರೆ ಪಿ0302 ಅಂತ ಬರೆದಿಡುತ್ತೆ. ಒಂದನೇದಾದ್ರೆ ಪಿ0301, ಮೂರಕ್ಕೆ ಪಿ0303. ಒಂದೇ ಸಿಲಿಂಡರ್ ಅಂತ ಹೇಳೋಕಾಗದೆ ಅಲ್ಲಲ್ಲಿ ತಪ್ಪುತ್ತಿದ್ರೆ ಪಿ0300. ಅಂದ್ರೆ ಆ ಕೋಡ್ ಹೇಳೋದು "ಎರಡನೇ ಸಿಲಿಂಡರ್ ಸರಿಯಾಗಿ ಕೆಲಸ ಮಾಡಲಿಲ್ಲ" ಅಂತ ಮಾತ್ರ. ಕಾಯಿಲ್ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಿಲ್ಲ. ಅದೊಂದು ಅಲರ್ಟ್. ಅಲರ್ಟನ್ನೇ ಕಾರಣ ಅಂದುಕೊಂಡಿದ್ದು ನಾನು.

ಹಾಗಾದ್ರೆ ಕಾಯಿಲ್ ಹಾಕಿದ ಮೇಲೆ ಎರಡು ದಿನ ದೀಪ ಯಾಕೆ ಆರಿತ್ತು? ಮಿಸ್ತ್ರಿ ಸ್ಕ್ಯಾನರಿನಿಂದ ಕೋಡ್ ಅಳಿಸಿದ್ದರು, ಅದಕ್ಕೆ. ಸಾಮಾನ್ಯ ಮಿಸ್‌ಫೈರ್ ಆದ್ರೆ ಎಂಜಿನ್ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹತ್ತಿಸಲ್ಲ, ಮುಂದಿನ ಓಟದಲ್ಲೂ ಅದೇ ಕಂಡ್ರೆ ಆಮೇಲೆ ಹತ್ತಿಸುತ್ತೆ. ಕೋಡ್ ಅಳಿಸಿದ ಮೇಲೆ ಆರಿದ ದೀಪ ರಿಪೇರಿ ಆಗಿದೆ ಅನ್ನೋದಕ್ಕೆ ಪುರಾವೆ ಅಲ್ಲ. ಈ ಒಂದು ಮಾತು ಗೊತ್ತಿದ್ರೆ ಗ್ಯಾರೇಜಿನಲ್ಲಿ ಎಷ್ಟೋ ದುಡ್ಡು ಉಳಿಯುತ್ತೆ.

ದೀಪ ಸುಮ್ಮನೆ ಹತ್ತಿಕೊಂಡಿರೋದು ಬೇರೆ, ಮಿನುಗೋದು ಬೇರೆ. ಮಿಣಮಿಣ ಅಂತ ಮಿನುಗಿದ್ರೆ ಹೊಡೆತ ತುಂಬಾ ತಪ್ಪುತ್ತಿದೆ, ಸುಡದ ಇಂಧನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರೀತಿದೆ ಅಂತ. ಕನ್ವರ್ಟರ್ ಒಳಗಿನ ಜಾಲರಿ ಆ ಶಾಖಕ್ಕೆ ಕರಗಿ ಮುಚ್ಚಿಕೊಳ್ಳಬಹುದು. ಹೊಸ ಕನ್ವರ್ಟರಿನ ಬೆಲೆ ಕೇಳಿದ್ರೆ ಕಾಯಿಲ್ ಪುಟಗೋಸಿ ಅನ್ನಿಸುತ್ತೆ. ನಮ್ಮ ಹುಡುಗ ಚಾಂದನಿ ಚೌಕದ ಏರಿನಲ್ಲಿ ದೀಪ ಮಿನುಗ್ತಿದ್ರೂ ಹಾಗೇ ಓಡಿಸಿದ್ದಾನೆ, ಟೊಮೆಟೊ ತುಂಬಿತ್ತಂತೆ. ಬೈಯೋಕೂ ಮನಸ್ಸು ಬರಲಿಲ್ಲ. ನೀವು ಹಾಗೆ ಮಾಡಬೇಡಿ. ಕಾಲು ಸಡಿಲಿಸಿ, ಭಾರ ಕಡಿಮೆ ಮಾಡಿ, ಆಗಲೂ ನಿಲ್ಲದಿದ್ರೆ ಪಕ್ಕಕ್ಕೆ ಹಾಕಿ.

ಭಾನುವಾರದ ಪರೀಕ್ಷೆ

ಭಾನುವಾರ ಮಧ್ಯಾಹ್ನ ಅವನ ರೂಮಿನ ಹತ್ತಿರ ಹೋದೆ. ಜೊತೆಗೆ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಯ್ದಿದ್ದೆ, ಸಾವಿರದೊಳಗೆ ಸಿಗುತ್ತೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿದ್ರೆ ಮೊಬೈಲಿನಲ್ಲಿ ಎಲ್ಲ ಕಾಣುತ್ತೆ. ಈ ಗಾಡಿಗೆ ಬಾನೆಟ್ ಇಲ್ಲ, ಸೀಟು ಎತ್ತಿದ್ರೆ ಕೆಳಗೆ ಎಂಜಿನ್ನು.

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಅವನಿಗೆ ಪ್ರಶ್ನೆ ಕೇಳಿದೆ. ಇದನ್ನ ಮೊದಲೇ ಮಾಡಬೇಕಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಹೇಗಿರುತ್ತೆ? "ಚಲೋ ಇರ್ತೈತಿ." ಯಾವಾಗ ಶುರು ಆಗುತ್ತೆ? "ಒಂದ್ ಇಪ್ಪತ್ತ್ ನಿಮಿಷ ಓಡಿದ್ ಮ್ಯಾಲ." ಮಳೆ ಬಂದಾಗ ಜಾಸ್ತಿನಾ? "ಇಲ್ಲ, ಹಂಗೇನಿಲ್ಲ." ಗ್ಯಾಸಿನಲ್ಲಿ ಮಾತ್ರನಾ, ಪೆಟ್ರೋಲಿನಲ್ಲೂ ಇದೆಯಾ?

ಇದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಗ್ಯಾಸ್ ಅಗ್ಗ, ಪೆಟ್ರೋಲಿಗೆ ಅವನು ಹಾಕೋದೇ ಇಲ್ಲ. ಸ್ಟಾರ್ಟ್ ಆಗುವಾಗ ಮಾತ್ರ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿ ತಾನೇ ಗ್ಯಾಸಿಗೆ ಬದಲಾಗುತ್ತೆ. ಆದ್ರೆ ಎರಡು ಇಂಧನದ ಗಾಡಿ ಇಟ್ಟುಕೊಂಡವರಿಗೆ ಡ್ಯಾಶ್‌ಬೋರ್ಡಿನ ಆ ಗುಂಡಿ ಪುಕ್ಕಟೆ ಸಿಕ್ಕ ಪರೀಕ್ಷಾ ಯಂತ್ರ. ಇಂಥ ಗಾಡಿಗಳಲ್ಲಿ ಪೆಟ್ರೋಲಿಗೆ ನಾಲ್ಕು ಇಂಜೆಕ್ಟರ್, ಗ್ಯಾಸಿಗೆ ಬೇರೆ ನಾಲ್ಕು ಇಂಜೆಕ್ಟರ್ ಇರ್ತವೆ. ಪಂಪು, ಫಿಲ್ಟರು, ಪೈಪು ಎಲ್ಲಾ ಬೇರೆ ಬೇರೆ. ಪ್ಲಗ್, ಕಾಯಿಲ್, ಗಾಳಿ ಬರುವ ದಾರಿ, ವಾಲ್ವ್, ಪಿಸ್ಟನ್ ಎರಡಕ್ಕೂ ಒಂದೇ. ಪೆಟ್ರೋಲಿನಲ್ಲಿ ಮಾತ್ರ ತಪ್ಪಿದ್ರೆ ಪೆಟ್ರೋಲ್ ಕಡೆ ಹುಡುಕಿ. ಎರಡರಲ್ಲೂ ಅದೇ ಸಿಲಿಂಡರ್ ತಪ್ಪಿದ್ರೆ ಇಂಧನದ ಕಡೆ ನೋಡೋದೇ ಬೇಡ.

ಗ್ಯಾಸಿನಲ್ಲಿ ಮಾತ್ರ ತಪ್ಪಿದ್ರೆ? ಇಲ್ಲಿ ಬಹಳ ಜನ ಮೋಸ ಹೋಗ್ತಾರೆ, ನೇರವಾಗಿ ಗ್ಯಾಸ್ ಕಿಟ್ ಮೇಲೆ ಆರೋಪ. ಸಿಎನ್‌ಜಿಗೆ ಕಿಡಿ ಹತ್ತಿಸೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಳೇ ಪ್ಲಗ್ಗು, ಸುಸ್ತಾದ ಕಾಯಿಲು ಪೆಟ್ರೋಲಿನಲ್ಲಿ ಹೇಗೋ ಸಂಭಾಳಿಸಿಕೊಂಡು ಹೋಗಿ, ಗ್ಯಾಸಿಗೆ ಹಾಕಿದ ಕೂಡಲೇ ಕೈ ಎತ್ತಿಬಿಡ್ತವೆ. ಹಾಗಾಗಿ ಗ್ಯಾಸಿನಲ್ಲಿ ಮಾತ್ರ ಮಿಸ್ಸಿಂಗ್ ಅಂದ್ರೆ ಮೊದಲು ಪ್ಲಗ್, ಆಮೇಲೆ ಕಾಯಿಲ್, ಆಮೇಲೆ ಕಿಟ್. ಕಿಟ್ಟಿನ ವಿಷಯಕ್ಕೆ ಬಂದ್ರೆ ಟ್ಯಾಂಕಿನೊಳಗೆ 200 ಬಾರ್ ಒತ್ತಡ ಇರುತ್ತೆ, ಆ ಕಡೆ ಸ್ಪ್ಯಾನರ್ ಹಿಡಿದು ಹೋಗುವ ಧೈರ್ಯ ನಿಮಗೂ ಬೇಡ ನನಗೂ ಬೇಡ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸಿಲಿಂಡರ್ ಹೈಡ್ರೋ ಟೆಸ್ಟ್ ಆಗಿದೆಯಾ ಅಂತ ಪ್ಲೇಟ್ ನೋಡಿ, ಸಾಕು.

ಗಾಡಿನ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿದ್ವಿ. ನಡುಕ ಶುರು ಆಯ್ತು. ಗುಂಡಿ ಒತ್ತಿ ಪೆಟ್ರೋಲಿಗೆ ಹಾಕಿದೆ. ನಡುಕ ಚೂರು ಕಡಿಮೆ ಆಯ್ತು, ಹೋಗಲಿಲ್ಲ. ಕೋಡ್ ಅದೇ ಪಿ0302. ಇಂಜೆಕ್ಟರ್ ಕ್ಲೀನಿಂಗಿನ ₹1,500, ಗ್ಯಾಸ್ ಕಿಟ್ಟಿನ ₹2,500 ಎರಡೂ ದಂಡ ಅಂತ ಒಂದೇ ನಿಮಿಷದಲ್ಲಿ, ಪೈಸೆ ಖರ್ಚಿಲ್ಲದೆ ತಿಳೀತು.

ಮುಂದಿನದು ಅದಲು ಬದಲು. ಎಂಜಿನ್ ಆಫ್ ಮಾಡಿ, ಎರಡನೇ ಸಿಲಿಂಡರಿನ ಕಾಯಿಲ್ ಮೂರನೇದಕ್ಕೆ, ಮೂರನೇದರದ್ದು ಎರಡನೇದಕ್ಕೆ. ಕೋಡ್ ಅಳಿಸಿ ಮತ್ತೆ ಓಡಿಸಬೇಕು. ಈಗ ಪಿ0303 ಬಂದ್ರೆ ತಪ್ಪು ಕಾಯಿಲ್ ಜೊತೆ ಹೋಯ್ತು, ಕಾಯಿಲ್ಲೇ ಕಳ್ಳ. ಮತ್ತೆ ಪಿ0302 ಬಂದ್ರೆ ಕಾಯಿಲ್ ನಿರಪರಾಧಿ. ಹೊಸ ಸಾಮಾನು ಕೊಳ್ಳದೆ ಮಾಡುವ ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ನಾನು ಫೋನಿನಲ್ಲಿ ಕಾಯಿಲ್ ಬದಲಿಸು ಅನ್ನೋ ಬದಲು ಅದಲು ಬದಲು ಮಾಡು ಅಂದಿದ್ರೆ ಸಾಕಿತ್ತು. ಎರಡು ಎಚ್ಚರ: ಪರೀಕ್ಷೆಯನ್ನ ತೊಂದರೆ ಬರೋ ಸ್ಥಿತಿಯಲ್ಲೇ ಮಾಡಬೇಕು, ಬಿಸಿಯಾದಾಗ ಬರೋ ರೋಗಕ್ಕೆ ತಣ್ಣಗಿದ್ದಾಗ ಪರೀಕ್ಷೆ ಮಾಡಿ ಉಪಯೋಗ ಇಲ್ಲ. ಇನ್ನೊಂದು, ಒಂದು ಸಲಕ್ಕೆ ಒಂದೇ ವಸ್ತು. ಕಾಯಿಲ್, ಪ್ಲಗ್ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಕೋಡ್ ಮತ್ತೆ ಪಿ0302 ಬಂತು. ಪ್ಲಗ್ ಬಿಚ್ಚಿ ನಾಲ್ಕನೇದರ ಜೊತೆ ಅದಲು ಬದಲು ಮಾಡಿದ್ವಿ. ಮತ್ತೆ ಪಿ0302.

ಪ್ಲಗ್ ಬಿಚ್ಚಿದಾಗ ಸುಮ್ಮನೆ ಪಕ್ಕಕ್ಕಿಡಬೇಡಿ, ಯಾವ ಸಿಲಿಂಡರಿನದು ಅಂತ ಸಾಲಾಗಿ ಇಟ್ಟು ಮುಖ ನೋಡಿ. ತಿಳಿ ಕಂದು ಬಣ್ಣ ಇದ್ರೆ ಆರೋಗ್ಯ. ಒಣ ಕಪ್ಪು ಮಸಿ ಇದ್ರೆ ಇಂಧನ ಜಾಸ್ತಿ ಅಥವಾ ಕಿಡಿ ಸಪ್ಪೆ. ಪೆಟ್ರೋಲಿನಿಂದ ಒದ್ದೆ ಇದ್ರೆ ಕಿಡಿ ಹತ್ತೇ ಇಲ್ಲ. ಜಿಡ್ಡು ಎಣ್ಣೆ ಇದ್ರೆ ರಿಂಗ್ ಅಥವಾ ವಾಲ್ವ್ ಸೀಲಿನಿಂದ ಎಂಜಿನ್ ಆಯಿಲ್ ಇಳೀತಿದೆ. ಸುಣ್ಣದ ಹಾಗೆ ಬಿಳಿ ಇದ್ರೆ ಗಾಳಿ ಜಾಸ್ತಿ, ಶಾಖ ಜಾಸ್ತಿ. ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್ ಗೀಟು ಎಳೆದ ಹಾಗೆ ಕಪ್ಪು ಗೆರೆ ಕಂಡ್ರೆ ಕಿಡಿ ಒಳಗೆ ಹೋಗದೆ ಹೊರಗಿನಿಂದ ಜಾರ್ತಿದೆ ಅಂತ. ಆ ಪ್ಲಗ್ಗೂ ಬೇಡ, ಕಾಯಿಲಿನ ರಬ್ಬರ್ ಬೂಟೂ ಬೇಡ. ನಮ್ಮ ಪ್ಲಗ್ಗುಗಳು ಹೊಸವಾದ್ದರಿಂದ ಹೆಚ್ಚೇನೂ ಹೇಳಲಿಲ್ಲ. ಹಳೇ ನಾಲ್ಕನ್ನ ಗ್ಯಾರೇಜಿನವರು ಎಸೆದಿದ್ರು. ಹಳೇ ಸಾಮಾನು ಯಾವಾಗಲೂ ಕೇಳಿ ಇಸಕೊಳ್ಳಿ, ಅದು ನಿಮ್ಮದು, ಜೊತೆಗೆ ಸಾಕ್ಷಿ.

ವೈರಿಂಗ್ ನೋಡಿದ್ವಿ. ತರಕಾರಿ ಗಾಡಿ ಅಂದ್ರೆ ಇಲಿಗಳಿಗೂ ಪ್ರೀತಿ, ಇಂಜೆಕ್ಟರ್ ವೈರ್ ಕಡಿದಿರೋದು ಎಷ್ಟೋ ಸಲ ಇರುತ್ತೆ. ಇಲ್ಲಿ ಇರಲಿಲ್ಲ.

ಆಮೇಲೆ ಗಾಳಿ. ಥ್ರಾಟಲ್ ದಾಟಿದ ಮೇಲೆ ಎಲ್ಲಾದರೂ ಪೈಪ್ ಬಿರುಕು ಬಿಟ್ಟು ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿದ್ರೆ ಐಡ್ಲಿಂಗ್ ಕೆಡುತ್ತೆ, ರೇಸ್ ಕೊಟ್ಟರೆ ಸರಿ ಹೋಗುತ್ತೆ. ಅದನ್ನ ಹಿಡಿಯೋಕೆ ಆ್ಯಪ್‌ನಲ್ಲಿ ಫ್ಯೂಯೆಲ್ ಟ್ರಿಮ್ ಅನ್ನೋ ಅಂಕಿ ನೋಡಬೇಕು. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಇಂಧನ ಹೆಚ್ಚು ಅಥವಾ ಕಡಿಮೆ ಕೊಡ್ತಿದೆ ಅಂತ ಅದು. ಐಡ್ಲಿಂಗ್‌ನಲ್ಲಿ +15, +20 ಇದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆ ಹತ್ತಿರ ಬಂದ್ರೆ ಗಾಳಿ ಸೋರಿಕೆ. ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿ ಇದ್ದು ಏರಿನಲ್ಲಿ ಪ್ಲಸ್ ಕಡೆ ಓಡಿದ್ರೆ ಪಂಪ್ ಅಥವಾ ಫಿಲ್ಟರ್ ಬೇಕಾದಷ್ಟು ಇಂಧನ ಕೊಡ್ತಿಲ್ಲ. ನಮ್ಮದು ಎರಡೂ ಕಡೆ ಮೂರು ನಾಲ್ಕರ ಆಚೆ ಹೋಗಲಿಲ್ಲ.

ಸಂಜೆ ಆರಾಯ್ತು. ಕಿಡಿ ಸರಿ, ಇಂಧನ ಸರಿ, ಗಾಳಿ ಸರಿ. ಉಳಿದಿದ್ದು ಒಂದೇ, ಕಂಪ್ರೆಷನ್. ಅದನ್ನ ಅಳೆಯೋ ಗೇಜ್ ನನ್ನ ಹತ್ತಿರ ಇರಲಿಲ್ಲ, ನಿಜ ಹೇಳಬೇಕಂದ್ರೆ ಧೈರ್ಯವೂ ಇರಲಿಲ್ಲ. ಎಂಜಿನ್ ಇಳಿಸಬೇಕು ಅಂದ ಗ್ಯಾರೇಜಿನವರೇ ಸರಿ ಇರಬಹುದೇನೋ ಅಂತ ಮೊದಲ ಸಲ ಅನ್ನಿಸಿತು.

ಭೋಸರಿಯ ಕಾಕಾ

ಭೋಸರಿಯಲ್ಲಿ ಒಬ್ಬರು ಹಿರಿಯ ಮಿಸ್ತ್ರಿ ಇದ್ದಾರೆ ಅಂತ ಇನ್ನೊಬ್ಬ ಪಿಕಪ್ ಡ್ರೈವರ್ ಹೇಳಿದ. ಅಕ್ಕಲಕೋಟ ಕಡೆಯವರು, ನಾವು ಬಾಯಿ ತೆರೆದ ಕೂಡಲೇ ಕನ್ನಡದಲ್ಲೇ ಶುರು ಮಾಡಿದ್ರು. ನಾನು ಮೊಬೈಲ್ ಮುಂದೆ ಚಾಚಿ ಪಿ0302 ತೋರಿಸಿದೆ. ಅದನ್ನ ಪಕ್ಕಕ್ಕೆ ಸರಿಸಿ, "ಮೊದ್ಲ ಕೇಳೂಣ್ರಿ, ಆಮ್ಯಾಲ ಬಿಚ್ಚೂಣು" ಅಂದ್ರು.

ಗ್ಯಾಸ್ ಬಂದ್ ಮಾಡಿ, ಇಂಜೆಕ್ಟರ್ ಫ್ಯೂಸ್ ತೆಗೆದು, ಹುಡುಗನಿಗೆ ಸೆಲ್ಫ್ ಹೊಡಿ ಅಂದ್ರು. ಎಂಜಿನ್ ಹತ್ತಲ್ಲ, ಸ್ಟಾರ್ಟರ್ ಮೋಟಾರ್ ಮಾತ್ರ ತಿರುಗಿಸುತ್ತೆ. ನಾಲ್ಕೂ ಸಿಲಿಂಡರ್ ಬಿಗಿಯಾಗಿದ್ರೆ ಸದ್ದು ಒಂದೇ ಲಯದಲ್ಲಿ ಬರಬೇಕು. ನಮ್ಮದು ಮೂರು ಸಲ ಎಳೆದು, ನಾಲ್ಕನೇ ಸಲ ಸುಯ್ ಅಂತ ಹಗುರಾಗಿ ಜಾರ್ತಿತ್ತು. ಒಂದು ಸಿಲಿಂಡರಿನಲ್ಲಿ ಗಾಳಿ ಒತ್ತೋಕೆ ಆಗ್ತಿಲ್ಲ, ಅದಕ್ಕೆ ಅಲ್ಲಿ ಮೋಟಾರಿಗೆ ಭಾರವೇ ಇಲ್ಲ. ಈ ಸದ್ದನ್ನ ನಾನು ನಾಲ್ಕು ವಾರದಿಂದ ಫೋನಿನಲ್ಲೇ ಕೇಳಬಹುದಿತ್ತು.

ಆಮೇಲೆ ಗೇಜ್ ಹಾಕಿದ್ರು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಬಂದ ಅಂಕಿಗಳು: ಒಂದನೇದು 170 ಪಿಎಸ್‌ಐ, ಎರಡನೇದು 95, ಮೂರನೇದು 165, ನಾಲ್ಕನೇದು 170. ಇಲ್ಲಿ ಒಂದೊಂದರ ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಶೇಕಡಾ ಹತ್ತು ಹದಿನೈದಕ್ಕಿಂತ ಹೆಚ್ಚು ಅಂತರ ಇದ್ರೆ ಯೋಚನೆ ಮಾಡಬೇಕು. ನಮ್ಮದು ಅರ್ಧಕ್ಕರ್ಧ.

"ಎಂಜಿನ್ ಇಳಸೂದೇನು?" ಅಂತ ನಮ್ಮ ಹುಡುಗ ಕೇಳಿದ. ದನಿ ಸಣ್ಣಗಾಗಿತ್ತು.

ಕಾಕಾ ಉತ್ತರ ಕೊಡದೆ ಎರಡನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದ್ರು. ಎಣ್ಣೆ ಪಿಸ್ಟನ್ ಸುತ್ತ ರಿಂಗಿನ ಸಂದು ಮುಚ್ಚುತ್ತೆ. ರಿಂಗ್ ಸವೆದಿದ್ರೆ ಅಂಕಿ ಜೋರಾಗಿ ಏರುತ್ತೆ, ಆಗ ಎಂಜಿನ್ ಇಳಿಸೋ ಮಾತು ನಿಜ. ನಮ್ಮದು 95ರಿಂದ 100ಕ್ಕೆ ಬಂತು, ಅಷ್ಟೆ. ರಿಂಗ್ ಅಲ್ಲ. ಹೆಡ್ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಹೋಗಿದ್ರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಇಳೀತವೆ. ಇಲ್ಲಿ ಒಂದೇ ಇಳಿದಿದೆ, ಕೂಲೆಂಟೂ ಕಡಿಮೆ ಆಗಿಲ್ಲ. ಉಳಿದಿದ್ದು ವಾಲ್ವ್. "ಗಾಡಿ ಇಲ್ಲೇ ಬಿಟ್ಟ ಹೋಗ್ರಿ, ಮುಂಜಾನೆ ತಣ್ಣಗಾದ ಮ್ಯಾಲ ನೋಡ್ತೀನಿ" ಅಂದ್ರು.

ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ಗೇಜ್ ಹಾಕಿದ್ರೆ ಎರಡನೇದು 140. ಬಿಸಿಯಲ್ಲಿ 95, ತಣ್ಣಗೆ 140. ಅಲ್ಲಿಗೆ ಕಥೆ ಬಿಚ್ಚಿಕೊಳ್ತು.

ವಾಲ್ವಿಗೂ ಅದನ್ನ ಒತ್ತುವ ರಾಕರ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಎಂಜಿನ್ ಬಿಸಿಯಾದಾಗ ವಾಲ್ವಿನ ಕಾಂಡ ಉದ್ದ ಆಗುತ್ತೆ, ಆ ಬೆಳವಣಿಗೆಗೆ ಬಿಟ್ಟ ಜಾಗ ಅದು. ಮಿಸ್ತ್ರಿಗಳು ಟ್ಯಾಪೆಟ್ ಸೆಟ್ಟಿಂಗ್ ಅನ್ನೋದು ಈ ಸಂದು ಸರಿ ಮಾಡೋದಕ್ಕೇ. ಸಂದು ಇಲ್ಲದೇ ಹೋದ್ರೆ ಬಿಸಿಯಾದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲ್ಲ. ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರದೇ ಇದ್ದ ಹಾಗೆ. ಒತ್ತಿದ ಗಾಳಿ ಆ ಸಂದಿಯಿಂದ ಸೋರಿಹೋಗುತ್ತೆ. ಐಡ್ಲಿಂಗ್‌ನಲ್ಲಿ ಸೋರೋಕೆ ಹೆಚ್ಚು ಸಮಯ ಸಿಗುತ್ತೆ, ವೇಗದಲ್ಲಿ ಕಡಿಮೆ. ನಿಂತಾಗ ನಡುಕ, ಓಟದಲ್ಲಿ ಪರವಾಗಿಲ್ಲ, ಬೆಳಿಗ್ಗೆ ಆರಾಮ, ಬಿಸಿಯಾದ್ರೆ ತೊಂದರೆ: ಅವನು ಹೇಳಿದ ನಾಲ್ಕೂ ಮಾತಿಗೆ ಈ ಒಂದೇ ಉತ್ತರ ಹೊಂದಿಕೊಳ್ತು. ಮಜಾ ಏನಂದ್ರೆ ಕೆಟ್ಟ ಕಾಯಿಲ್ ಕೂಡ ಬಿಸಿಯಾದಾಗಲೇ ಕೈ ಕೊಡೋದು. ಲಕ್ಷಣ ಒಂದೇ, ರೋಗ ಬೇರೆ. ಅದಕ್ಕೇ ಅಲ್ಲಿ ಅದಲು ಬದಲು ಪರೀಕ್ಷೆ ಬೇಕಿದ್ದದ್ದು.

ಸಂದು ಯಾಕೆ ಮುಚ್ಚಿತು? ವಾಲ್ವ್ ಪ್ರತಿ ಸಲ ಮುಚ್ಚುವಾಗ ತನ್ನ ಸೀಟಿನ ಮೇಲೆ ಬಂದು ಬಡಿಯುತ್ತೆ. ಗ್ಯಾಸ್ ಒಣ ಇಂಧನ, ವಾಲ್ವಿಗೂ ಸೀಟಿಗೂ ನಡುವೆ ಸ್ವಲ್ಪವೂ ಪಸೆ ಬಿಡಲ್ಲ. ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿದ್ರೆ ಸೀಟ್ ಸವೆಯುತ್ತೆ, ವಾಲ್ವ್ ಒಳಗೊಳಗೇ ಕೂರ್ತಾ ಹೋಗುತ್ತೆ, ಅದರ ಕಾಂಡ ಅಷ್ಟಷ್ಟೇ ರಾಕರ್ ಕಡೆ ಏರುತ್ತೆ. ಗಾಡಿ 1,40,000 ಕಿಲೋಮೀಟರ್ ಓಡಿತ್ತು, ಹೆಚ್ಚುಕಡಿಮೆ ಎಲ್ಲಾ ಗ್ಯಾಸಿನಲ್ಲಿ. ನಮ್ಮ ಹುಡುಗನ ಕೈಗೆ ಬಂದ ಮೇಲೆ ಟ್ಯಾಪೆಟ್ ಒಂದು ಸಲವೂ ಮುಟ್ಟಿಸಿಲ್ಲ. ಯಾಕೆ ಮುಟ್ಟಿಸ್ತಾನೆ, ಸದ್ದೇ ಇರಲಿಲ್ಲ! ಸಡಿಲ ಆದ ಟ್ಯಾಪೆಟ್ ಟಕಟಕ ಅಂತ ಎಲ್ಲರನ್ನೂ ಎಬ್ಬಿಸುತ್ತೆ. ಬಿಗಿಯಾದದ್ದು ಬಾಯಿ ಬಿಡಲ್ಲ, ಒಳಗೇ ವಾಲ್ವ್ ಸುಡುತ್ತೆ. ಕಾಕಾ ಅಂದದ್ದು ಹೀಗೆ: "ಸಪ್ಪಳ ಮಾಡೂ ಟ್ಯಾಪೆಟ್ಟಿಗಿ ಅಂಜಬ್ಯಾಡ್ರಿ. ಸುಮ್ಮ ಕುಂತಿರ್ತೈತಲ್ಲ, ಅದಕ್ಕ ಅಂಜ್ರಿ."

ಮೇಲಿನ ಕವರ್ ಬಿಚ್ಚಿ ಫೀಲರ್ ಗೇಜ್ ತೂರಿಸಿದ್ರು. ಬೇರೆ ಸಿಲಿಂಡರುಗಳಲ್ಲಿ ಸಂದು ಕಡಿಮೆ ಆಗಿತ್ತು, ಇತ್ತು. ಎರಡನೇದರ ಎಕ್ಸಾಸ್ಟ್ ವಾಲ್ವಿನಲ್ಲಿ 0.05 ಮಿಲಿಮೀಟರಿನ ಅತಿ ತೆಳು ಎಲೆ ಕೂಡ ಒಳಗೆ ಹೋಗಲಿಲ್ಲ. ಈ ಎಂಜಿನ್ನಿಗೆ ಸ್ಕ್ರೂ ಮತ್ತು ನಟ್ ಇರೋ ಹಳೇ ರೀತಿಯ ವ್ಯವಸ್ಥೆ, ಹಾಗಾಗಿ ಕಂಪನಿ ಪುಸ್ತಕದ ಅಳತೆಗೆ ತಿರುಗಿಸಿ ಬಿಗಿ ಮಾಡೋದು ಒಂದು ಗಂಟೆ ಕೆಲಸ. ಕೆಲವು ಎಂಜಿನ್ನುಗಳಲ್ಲಿ ಅಳತೆಯ ಬಿಲ್ಲೆ ಬದಲಿಸಬೇಕು, ಅದು ದುಬಾರಿ. ಹೈಡ್ರಾಲಿಕ್ ಇರೋದ್ರಲ್ಲಿ ಹೀಗೆ ಸೆಟ್ಟಿಂಗ್ ಮಾಡೋದೇ ಇರಲ್ಲ. ಅಳತೆ ಎಂಜಿನ್ನಿಂದ ಎಂಜಿನ್ನಿಗೆ ಬೇರೆ, ಬಿಸಿಯಲ್ಲಿ ನೋಡಬೇಕಾ ತಣ್ಣಗಿದ್ದಾಗ ನೋಡಬೇಕಾ ಅನ್ನೋದೂ ಬೇರೆ. ನನ್ನ ಬಾಯಿಂದ ಅಂಕಿ ಕೇಳಿ ತಿರುಗಿಸಬೇಡಿ. ಫೋನಿನಲ್ಲಿ ನಾನು ಕೊಟ್ಟ ಸಲಹೆಯ ಗತಿ ನೋಡಿದ್ರಲ್ಲ.

ಕವರ್ ಗ್ಯಾಸ್ಕೆಟ್ ₹350, ಕೂಲಿ ₹900. ಓಡಿಸಿ ಬಿಸಿ ಮಾಡಿ ಮತ್ತೆ ಅಳೆದಾಗ ಎರಡನೇ ಸಿಲಿಂಡರ್ 155. ಪೂರ್ತಿ 170 ಆಗಲಿಲ್ಲ, ಸೀಟ್ ಸವೆದಿದೆ, ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಲೂಬಹುದು. ಒಂದು ದಿನ ಹೆಡ್ ಬಿಚ್ಚಿ ಸೀಟ್ ಕೆಲಸ ಮಾಡಿಸಬೇಕಾಗುತ್ತೆ ಅಂತ ಕಾಕಾ ಮೊದಲೇ ಹೇಳಿದ್ದಾರೆ. ಆದ್ರೆ ಆ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಕಪ್ ಹೋಲ್ಡರಿನ ಚಹಾ ಅಲುಗಾಡಲಿಲ್ಲ.

ನಿಮ್ಮದು ಡೀಸೆಲ್ ಆದ್ರೆ

ಊರಿನಲ್ಲಿ ನಿಮ್ಮ ಅಪ್ಪನ ಅಥವಾ ಮಾವನ ಹತ್ತಿರ ಇರೋ ದೊಡ್ಡ ಪಿಕಪ್ ಬಹುಶಃ ಡೀಸೆಲ್. ಅಲ್ಲಿ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾಯಿಲೂ ಇಲ್ಲ. ಐಡ್ಲಿಂಗ್ ಕೆಟ್ಟರೆ ಮೊದಲು ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು, ಪೈಪಿನಲ್ಲಿ ಸೇರಿದ ಗಾಳಿ. ಆಮೇಲೆ ಮಸಿ ಹಿಡಿದು ತೆರೆದೇ ಉಳಿದ ಇಜಿಆರ್ ವಾಲ್ವ್. ಆಮೇಲೆ ಇಂಜೆಕ್ಟರ್. ಇಂಜೆಕ್ಟರಿಗೆ ಒಳ್ಳೇ ಪರೀಕ್ಷೆ ಅಂದ್ರೆ ಪ್ರತಿಯೊಂದರ ರಿಟರ್ನ್ ಪೈಪಿಗೆ ಒಂದೊಂದು ಚಿಕ್ಕ ಬಾಟಲಿ ಕಟ್ಟಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಯಾವುದರಲ್ಲಿ ಹೆಚ್ಚು ಡೀಸೆಲ್ ತುಂಬಿತು ಅಂತ ನೋಡೋದು. ಉಳಿದವುಗಳಿಗಿಂತ ಬಹಳ ಹೆಚ್ಚು ಸೋರಿದ್ದೇ ಅನುಮಾನದ್ದು.

ಒಂದು ಮಾತು ಜೋರಾಗಿ ಹೇಳಬೇಕು. ಹಳೇ ಡೀಸೆಲ್ ಗಾಡಿಗಳಲ್ಲಿ ಮಿಸ್ತ್ರಿಗಳು ಎಂಜಿನ್ ಓಡ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ಹಿಡೀತಿದ್ರು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದೇ ಪೈಪಿನೊಳಗೆ ಸಾವಿರ ಬಾರ್ ಮೀರಿದ ಒತ್ತಡ ಇರಬಹುದು. ಸಡಿಲಿಸಿದ್ರೆ ಡೀಸೆಲ್ ಸೂಜಿಯ ಹಾಗೆ ಚರ್ಮ ಸೀಳಿ ಒಳಗೆ ಹೋಗುತ್ತೆ. ನೋಡೋಕೆ ಚುಕ್ಕೆಯಷ್ಟು ಗಾಯ ಅಂತ ಮನೆಯಲ್ಲಿ ಇರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಊರಿನ ಗ್ಯಾರೇಜಿನಲ್ಲಿ ಯಾರಾದ್ರೂ ಹಾಗೆ ಮಾಡೋಕೆ ಹೊರಟ್ರೆ ಬೇಡ ಅನ್ನಿ.

ನಮ್ಮ ಹುಡುಗ ಈಗ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ನೋಡಿಸ್ತಾನೆ, ದಿನಾ ಬೆಳಿಗ್ಗೆ ಒಂದಷ್ಟು ದೂರ ಪೆಟ್ರೋಲಿನಲ್ಲಿ ಓಡಿಸ್ತಾನೆ. ಬೇಡದ ಆ ಹೊಸ ಕಾಯಿಲ್ಲಿನ ಜೋಡಿ, ಅಂದ್ರೆ ತೆಗೆದುಹಾಕಿದ ಹಳೇ ಕಾಯಿಲ್, ಸೀಟಿನ ಕೆಳಗೆ ಬಟ್ಟೆ ಸುತ್ತಿ ಇಟ್ಟಿದ್ದಾನೆ. ಅದು ಸರಿಯಾಗೇ ಇದೆ. ನಾನು ಗಾಡಿ ಹತ್ತಿದಾಗೆಲ್ಲ ತೆಗೆದು ತೋರಿಸ್ತಾನೆ. ಮುಂದಿನ ವಿಡಿಯೋದಲ್ಲಿ ಫೀಲರ್ ಗೇಜ್ ಹಿಡಿಯೋದು ಹೇಗೆ ಅಂತ ಕಾಕಾ ಅವರೇ ತೋರಿಸೋಕೆ ಒಪ್ಪಿದ್ದಾರೆ, ಮುಖ ತೋರಿಸಲ್ಲ, ಕೈ ಮಾತ್ರ ಅಂತ ಕರಾರು. ಸಿಗೋಣ, ನಮಸ್ಕಾರ.